ಭಟ್ಟಿಯ ಧಣಿ

ಎಡಗಿವಿಯ ಮಡಿಕೆಯಲ್ಲಿ ಅತ್ತರಿನಲ್ಲಿ ಅದ್ದಿದ ಹತ್ತಿಯ ಉಂಡೆ. ಧಣಿಗಳು ಬಂದರೆಂದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಅವರ ಅಪ್ಪ ಬಿಟ್ಟುಹೋದ ಸಾರಾಯಿ ಭಟ್ಟಿ ರಾಯಬಾಗದ ದಾರಿಯಲ್ಲಿತ್ತು. ಅಲ್ಲಿ ಹುದುಗುವ ಕಬ್ಬಿನ ಕಾಕಂಬಿಯ ಹುಳಿ ನಾತ ಸುತ್ತಲಿನ ಹೊಲದವರ ಮೈಗೆಲ್ಲ ಹತ್ತಿತ್ತು, ಅವರೊಬ್ಬರನ್ನು ಬಿಟ್ಟು.

ಅರಮನೆಯಂಥ ವಾಡೆಯಲ್ಲಿ ಹುಟ್ಟಿ ಬೆಳೆದವರು. ಸಾರಾಯಿ ಇರಲಿ, ಚಹಾ ಕೂಡ ಮುಟ್ಟುತ್ತಿರಲಿಲ್ಲ. ಬಡ ಹುಡುಗಿಯರಿಗೆಂದು ಚಿಕ್ಕೋಡಿಯಲ್ಲಿ ಹಾಸ್ಟೆಲ್ ಕಟ್ಟಿಸಿದ್ದರು. ಎಂಬತ್ತರ ದಶಕದಲ್ಲಿ ಐನಾಪುರದಿಂದ ಟ್ರಂಕು ಹೊತ್ತು ಬಂದ ನಾನು ಅಲ್ಲಿ ಐದು ವರ್ಷ ಉಂಡೆ. ಅವರು ಗುರುವಾರ ಗುರುವಾರ ಬರುವರು. ಚಪ್ಪಲಿ ಹೊರಗೆ ಬಿಟ್ಟು, ನಮ್ಮ ಸಾಲಿನಲ್ಲೇ ನೆಲಕ್ಕೆ ಕೂತು, ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವರು. ದಪ್ಪಗಿದ್ದರೆ ಅಡುಗೆಯವಳಿಗೆ, "ಇದನ್ನ ನಿನ್ನ ಮಗಳಿಗೆ ಹಾಕ್ತಿಯೇನ ಬೇ?" ಎನ್ನುವರು. ಆ ದಿನ ಬೇಳೆಯೂ ಗಟ್ಟಿ. "ಧಣಿ ದಿನಾ ಬರ್ಲಿ, ಸಾರಿನ್ಯಾಗ ಬ್ಯಾಳಿನಾರ ಸಿಗತಾವು" ಎಂದು ಗೆಳತಿಯರು ನಗುತ್ತಿದ್ದರು. ನಮಗೆಲ್ಲ ಅವರಿಟ್ಟ ಹೆಸರು ಒಂದೇ: ತಂಗಿ. ನನಗೆ ಜ್ವರ ಏರಿದಾಗ ತಮ್ಮ ಜೀಪಿನಲ್ಲೇ ನಿಪ್ಪಾಣಿಯ ದವಾಖಾನೆಗೆ ಒಯ್ದು, ಅದು ಇಳಿಯುವವರೆಗೆ ಬೆಂಚಿನ ಮೇಲೆ ಕೂತಿದ್ದರು. ಆ ಹೊತ್ತಿನಲ್ಲಿ ನನ್ನ ಅಪ್ಪ ಅವರದೇ ಭಟ್ಟಿಯ ಪಾಕೀಟು ಹರಿದು ಕುಡಿದು ಊರಲ್ಲಿ ಬಿದ್ದಿದ್ದ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಒಂದು ಗುರುವಾರ ಊಟದ ಹೊತ್ತಿಗೆ ಅವ್ವ ಬಂದಳು. ತಲೆ ತುಂಬ ಸೆರಗು ಹೊದ್ದು ನೇರ ಅವರ ಮುಂದೆ ನಿಂತಳು.

"ಮಗಳನ್ನ ಓದಸಾಕತ್ತೀರಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ. ಆದ್ರ ಗಂಡ ಉಳಿಯಂಗಿಲ್ರಿ. ಇನ್ನ ಕುಡದ್ರ ಮುಗೀತು ಅಂತ ಡಾಕ್ಟರ ಹೇಳ್ಯಾರ. ನಮ್ಮ ಊರಾಗ ಸಿಗೂದೆಲ್ಲಾ ನಿಮ್ಮ ಪಾಕೀಟನ. ಆ ಭಟ್ಟಿ ಬಂದ್ ಮಾಡ್ರಿ ಧಣಿ."

ಅವರು ತುತ್ತು ಕೆಳಗಿಟ್ಟರು. "ನನಗೇನ ಹೌಸ ಐತೇನವ್ವಾ? ಈ ರೊಟ್ಟಿ ಅಲ್ಲಿಂದನ ಬರ್ತೈತಿ." ನಮ್ಮತ್ತ ತಿರುಗಿದರು. "ನೀವ ಹೇಳ್ರಿ ತಂಗಿ. ಭಟ್ಟಿ ಬಂದ್ ಆದ್ರ ಹಾಸ್ಟೆಲ್ಲೂ ಬಂದ್, ಎಲ್ಲಾರೂ ಮನಿಗೆ ಹೋಗೂದು. ಬಂದ್ ಆಗ್ಲಿ ಅನ್ನಾರು ಕೈ ಎತ್ರಿ. ಒಬ್ಬಾಕಿ ಎತ್ತಿದ್ರೂ ಸಾಕು, ನಾಳೆನ ಕೀಲಿ ಹಾಕ್ತೀನಿ."

ಪರೀಕ್ಷೆಗೆ ಎರಡು ತಿಂಗಳಿತ್ತು. ಅವ್ವ ನನ್ನನ್ನೇ ನೋಡಿದಳು. ನಾನು ತಾಟು ನೋಡಿದೆ. ಯಾರೂ ಕೈ ಎತ್ತಲಿಲ್ಲ.

"ನೋಡವ್ವಾ" ಎಂದರು ಧಣಿಗಳು, ಮೆಲ್ಲಗೆ. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಭಾರ ಇಳಿಸಿದವರ ಸಮಾಧಾನವಿತ್ತು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ತಾವೊಬ್ಬರೇ ಮಾಡಬೇಕಾದ ತೀರ್ಮಾನವನ್ನು ಉಣ್ಣಲು ಕೂತ ಹುಡುಗಿಯರ ತಾಟಿಗೆ ಬಡಿಸಿ ಎದ್ದುಹೋದರು. ಮರುವಾರ ಮತ್ತೆ ಬಂದರು. ರೊಟ್ಟಿ ದಪ್ಪವಾಯಿತೆಂದು ಅಡುಗೆಯವಳನ್ನು ಗದರಿಸಿದರು.

ಅಪ್ಪ ಆ ಮಳೆಗಾಲ ದಾಟಲಿಲ್ಲ. ನಾನು ಪಾಸಾದೆ, ಮುಂದೆ ಅಥಣಿ ಕಡೆಯ ಶಾಲೆಯೊಂದರಲ್ಲಿ ಟೀಚರಾದೆ, ಅವ್ವನನ್ನು ಕರೆತಂದು ಜೊತೆಗಿಟ್ಟುಕೊಂಡೆ.

ತೊಂಬತ್ತರ ದಶಕದ ಕೊನೆಗೆ ಧಣಿಗಳು ತೀರಿಕೊಂಡರು. ಹಾಸ್ಟೆಲ್ಲಿನ ಶೋಕಸಭೆಯಲ್ಲಿ ಮಾತಾಡಲು ನನ್ನನ್ನು ಕರೆದರು. ಹೋಗಿ ಬಂದೆ. ಸಂಜೆ ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು.

"ಏನ ಹೇಳಿ ಬಂದಿ?"

"ಓದಿಸಿದ್ರು ಅಂತ ಹೇಳಿದೆ."

"ಖರೇನ ಹೇಳಿದಿ ಬಿಡು. ಓದಿಸ್ಯಾರ." ಒಂದು ಹರಳು ಆರಿಸಿ ಆಚೆ ಒಗೆದಳು. "ಧಣಿ ಮ್ಯಾಲ ನನಗ ಸಿಟ್ಟಿಲ್ಲವಾ."

ಯಾರ ಮೇಲಿದೆ ಎಂದು ನಾನು ಕೇಳಲಿಲ್ಲ.