ಫೆಲಿಸಿಯಾನಾಳ ಕುಂಟುಕಲ್ಲು

ವಿಪೋಲ್ ಎಂಬ ಗುಡ್ಡದೂರಿನ ಹಾಸಿಂತೊ ಸೆತೊ ಒಂದು ಕಾಲಕ್ಕೆ ಊರ ಕಾವಲು ಪಡೆಯ ದಂಡನಾಯಕ. ದಂಡಿನಲ್ಲಿದ್ದವರು ಅವನಂತೆಯೇ ಮೆಕ್ಕೆಜೋಳ ಬೆಳೆಯುವವರು. ಆಯುಧವೆಂದರೆ ಮರ ಕೆತ್ತಿ ಮಾಡಿದ ಕೋವಿ. ಕಾವಲು ತಿರುಗುತ್ತೀರೋ ಸಾಯುತ್ತೀರೋ ಎಂದು ಸೈನ್ಯದವರು ಕೇಳಿದ್ದರು. ಹಾಸಿಂತೊ ಮೊದಲನೆಯದನ್ನು ಆರಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಇಡೀ ಅಂತರ್ಯುದ್ಧದಲ್ಲಿ ಅವನ ಕೋವಿಗೆ ಬಲಿಯಾದದ್ದು ಒಂದು ಹುಂಜ. ಅದೂ ಗೋಡೆಗೆ ಒರಗಿಸಿಟ್ಟ ಕೋವಿ ಜಾರಿ ಬಿದ್ದು.

ಆದರೆ ಸೈನ್ಯ ಊರಿನ ಅರ್ಧ ಮನೆಗಳನ್ನು ಸುಟ್ಟ ದಿನ ಬೆಂಕಿ ತಿನ್ನದೆ ಬಿಟ್ಟದ್ದನ್ನು ನೆರೆಯವರು ತಿಂದರು. ಯಾರೋ ಬಾಗಿಲ ಚಿಲಕ ತಂದರು, ಯಾರೋ ಕೊಡಲಿ. ನಮ್ಮ ದಂಡನಾಯಕ ಪಕ್ಕದ ಮನೆಯ ಬೂದಿಗೆ ನುಗ್ಗಿ, ಮೂರು ಒಲೆಗುಂಡುಗಳ ಪಕ್ಕದಿಂದ ಮೂರು ಕಾಲಿನ ಅರೆಯುವ ಕಲ್ಲನ್ನು, ಅದರ ಮೇಲೆ ಉಜ್ಜುವ ಗುಂಡುಕಲ್ಲಿನ ಸಮೇತ, ಗೆದ್ದು ತಂದ. ಕಲ್ಲು ಇನ್ನೂ ಬಿಸಿಯಿತ್ತು. ಅಂಗೈ ಸುಟ್ಟಿತು.

ಶಾಂತಿ ಒಪ್ಪಂದವಾಯಿತು. ಮೆಕ್ಸಿಕೊಗೆ ಓಡಿಹೋಗಿದ್ದವರು ಲಾರಿಗಳಲ್ಲಿ ಮರಳಿದರು. ಕಲ್ಲಿನ ಒಡತಿ ಫೆಲಿಸಿಯಾನಾ ಕೋಬೊ ಕೂಡ ಬಂದಳು, ಗಂಡನಿಲ್ಲದೆ. ಬಂದ ಮೂರನೇ ದಿನ ಹಳೆಯ ನೆರೆಯವರನ್ನು ಮಾತಾಡಿಸಲು ಬಂದಳು. ಇಲ್ಲಿ ಹೆಂಗಸರು ಇನ್ನೊಬ್ಬರ ಅಡುಗೆಮನೆಯಲ್ಲಿ ಕೈಕಟ್ಟಿ ಕೂರುವುದಿಲ್ಲ. ಹಾಸಿಂತೊನ ಹೆಂಡತಿ ಕತಾಲಿನಾ ಬೇಡವೆನ್ನುವಷ್ಟರಲ್ಲಿ ಫೆಲಿಸಿಯಾನಾ ಕಲ್ಲಿನ ಮುಂದೆ ಮಂಡಿಯೂರಿ ಜೋಳ ಅರೆಯತೊಡಗಿದ್ದಳು.

ಅವಳ ಎಡಭುಜ ಚಿಕ್ಕಂದಿನಿಂದಲೂ ಸೋತದ್ದು. ಬಲಗೈಯ ಭಾರಕ್ಕೆ ಆ ಕಲ್ಲು ಒಂದೇ ಕಡೆ ಸವೆದು ವಾಲಿತ್ತು. ಈ ಕುಂಟುಕಲ್ಲಿನೊಂದಿಗೆ ಕತಾಲಿನಾ ವರ್ಷಗಟ್ಟಲೆ ಜಗಳವಾಡಿದ್ದಳು. ಈಗ ಅದು ಒಂದು ಸದ್ದೂ ಮಾಡದೆ, ಅಮ್ಮನ ಮಡಿಲಿಗೆ ಬಂದ ಕೂಸಿನಂತೆ ನಡೆದುಕೊಂಡಿತು. ಬಾಗಿಲಲ್ಲಿ ನಿಂತಿದ್ದ ಹಾಸಿಂತೊನಿಗೆ ಗೊತ್ತಾಯಿತು, ಅವಳಿಗೆ ಗೊತ್ತಾಗಿದೆ ಎಂದು.

ಅವಳು ಅಷ್ಟೂ ಜೋಳ ಅರೆದು ಮುಗಿಸಿ ಕೈ ತೊಳೆದಳು. "ಕಲ್ಲು ಚೆನ್ನಾಗಿದೆ ಕಣೇ ಕತಾಲಿನಾ. ನನ್ನ ಕೈಗೆ ಬೇಗ ಹೊಂದ್ಕೊಂಡ್ತು."

ಅವತ್ತಿನ ರೊಟ್ಟಿ ಎಂದಿಗಿಂತ ಮೆತ್ತಗಾಗಿತ್ತು. ದಂಡನಾಯಕ ಅರ್ಧಕ್ಕೇ ಬಿಟ್ಟು ಎದ್ದ.

ಮುಂದಿನ ವಾರ ಜಮೀನು ವಿಚಾರಣೆಗೆ ರಾಜಧಾನಿಯಿಂದ ಅಧಿಕಾರಿ ಬಂದ. ಫೆಲಿಸಿಯಾನಾಳ ಮನೆಜಾಗವನ್ನು ಸೈನ್ಯ ಬಾಲ್ತಾಸಾರ್ ಎಂಬವನಿಗೆ ಕೊಟ್ಟಿತ್ತು. ಅವನು ಹಾಸಿಂತೊನ ಹಳೆಯ ಕಾವಲು ಜೊತೆಗಾರ. ಹಕ್ಕುಪತ್ರ ಮನೆಯೊಂದಿಗೇ ಸುಟ್ಟಿತ್ತು. ಒಲೆ ಎಲ್ಲಿ ಉರಿದಿತ್ತೋ ಆ ನೆಲ ಉರಿಸಿದವಳದು ಎಂಬುದು ಊರಿನ ನ್ಯಾಯ. ಒಲೆ ಕಂಡ ಗಡಿನೆರೆಯವನೊಬ್ಬ ಹೇಳಿದರೆ ಸಾಕು ಎಂದು ಅಧಿಕಾರಿಯೂ ಒಪ್ಪಿದ.

ಅಲ್ಲಿ ಒಲೆಯೇ ಇರಲಿಲ್ಲ, ಬರೀ ಕುರುಚಲು ಗಿಡ ಎಂದ ಬಾಲ್ತಾಸಾರ್. ಎಲ್ಲರೂ ಹಾಸಿಂತೊನತ್ತ ತಿರುಗಿದರು. ಒಲೆ ಕಂಡೆ ಎಂದರೆ ಯಾವಾಗ ಎನ್ನುತ್ತಾರೆ, ಯಾವಾಗ ಎಂದರೆ ಯಾಕೆ ಹೋಗಿದ್ದೆ ಎನ್ನುತ್ತಾರೆ. ವೀರನು ಟೋಪಿ ತಿರುಗಿಸಿದ, ಕೆಮ್ಮಿದ.

"ಮನೆ ಸುಟ್ಟ ದಿನ ಹೊಗೆ ಜಾಸ್ತಿ ಇತ್ತು. ಏನೂ ಕಾಣ್ಲಿಲ್ಲ."

ಫೆಲಿಸಿಯಾನಾ ಅವನನ್ನು ನೋಡಲಿಲ್ಲ. ನೋಡಿದ್ದರೆ ಅವನಿಗೆ ವಾಸಿಯಿತ್ತು. ಊಟ ಮುಗಿಸಿ ಬಂದು ತೀರ್ಪು ಹೇಳುತ್ತೇನೆಂದು ಅಧಿಕಾರಿ ಎದ್ದ.

ಮನೆಯಲ್ಲಿ ಒಲೆ ತಣ್ಣಗಿತ್ತು. ಹೆಂಡತಿಗೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಊಟ ಎಲ್ಲಿ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

"ಏನ್ರೀ ದಂಡನಾಯಕ್ರೇ, ಆ ಕಲ್ಲಲ್ಲಿ ವಾಲ್ಕೊಂಡು ಅರ್ದೂ ಅರ್ದೂ ನನ್ ಸೊಂಟ ಬಿದ್ದೋಗಿದೆ. ಹೊಗೇಲಿ ಕಾಣ್ದೆ ಇರೋದನ್ನ ಹೇಗೆ ಹೊತ್ಕೊಂಡು ಬಂದ್ರಿ? ಈಗ ನೀವು ಹೊರ್ತೀರೋ, ನಾನೇ ಹೊರ್ಲೋ?"

ಹಾಸಿಂತೊ ಹೊತ್ತ. ಚರ್ಮದ ಪಟ್ಟಿ ಹಣೆಗೆ, ಕಲ್ಲು ಬೆನ್ನಿಗೆ. ಹಾಗೆ ಹೊತ್ತವನು ನೆಲ ನೋಡುತ್ತಲೇ ನಡೆಯಬೇಕು, ಅದೊಂದು ಉಪಕಾರ. ನೂರಾರು ಕಾಲುಗಳ ನಡುವೆ ದಾರಿ ಮಾಡಿಕೊಂಡು ಅಧಿಕಾರಿಯ ಮೇಜಿನ ಮುಂದೆ ಕಲ್ಲನ್ನು ಇಳಿಸಿದ.

"ಇದು ಅವಳದು. ಮೂರು ಒಲೆಗುಂಡಿನ ಪಕ್ಕದಿಂದ ನಾನೇ ಎತ್ಕೊಂಡು ಬಂದೆ. ಆಗಿನ್ನೂ ಬಿಸಿ ಇತ್ತು." ಅಂಗೈ ಬಿಚ್ಚಿ ಕಲೆ ತೋರಿಸಿದ.

ಬಾಲ್ತಾಸಾರ್ ಏನೋ ಗೊಣಗಿದ, ಯಾರೂ ಕೇಳಿಸಿಕೊಳ್ಳಲಿಲ್ಲ. ಒಲೆಗುಂಡಿನ ಜಾಗ ತೋರಿಸಲು ಅಧಿಕಾರಿ ಹೇಳಿದ. ಬೇಲಿಯೊಳಗೆ ಹಾಸಿಂತೊ ಬೆರಳಿಟ್ಟಲ್ಲಿ ಗುದ್ದಲಿ ಹಾಕಿದರೆ ಕರಿಮಣ್ಣು, ಅದರ ಕೆಳಗೆ ಮೂರು ಒಲೆಗುಂಡು. ಜಾಗ ಫೆಲಿಸಿಯಾನಾಳದೆಂದು ಅಲ್ಲೇ ತೀರ್ಮಾನವಾಯಿತು.

ಇನ್ನು ಅವಳು ಬೈಯುತ್ತಾಳೆ ಅಥವಾ ಅಳುತ್ತಾಳೆ ಎಂದು ಹಾಸಿಂತೊ ಕಾದ. ಎರಡಕ್ಕೂ ಅವನು ಸಿದ್ಧನಿದ್ದ. ಕ್ಷಮಿಸಿದರಂತೂ ಚೆಂದದ ಎರಡು ಮಾತು ಬಾಯಲ್ಲಿ ತಯಾರಿದ್ದವು. ಫೆಲಿಸಿಯಾನಾ ಕಲ್ಲಿನ ಮೇಲೆ ಕೈಯಾಡಿಸಿ, ಸುತ್ತ ಹುಡುಕಿ, ತಲೆಯೆತ್ತಿದಳು.

"ಅಣ್ಣಾ, ಇದರ ಗುಂಡುಕಲ್ಲೆಲ್ಲಿ?"

ಯಾರೋ ಕಿಸಕ್ಕೆಂದರು. ಆಮೇಲೆ ಊರೇ ನಕ್ಕಿತು. ಹಾಸಿಂತೊ ಅದನ್ನು ತರಲು ಮರೆತಿದ್ದ; ಅದು ಅವನ ಅಡುಗೆಮನೆಯ ಮೂಲೆಯಲ್ಲೇ ಉಳಿದಿತ್ತು.

ಮತ್ತೆ ಮನೆಗೆ ಹೋದ, ಮತ್ತೆ ಬಂದ. ಗುಂಡುಕಲ್ಲು ಕೈಯಲ್ಲಿ ಹಿಡಿಯುವಷ್ಟೇ ಭಾರ. ಹಣೆಗೆ ಪಟ್ಟಿ ಇರಲಿಲ್ಲ, ಬೆನ್ನ ಮೇಲೆ ಹೊರೆ ಇರಲಿಲ್ಲ. ಆದರೂ ದಾರಿಯುದ್ದಕ್ಕೂ ಅವನ ತಲೆ ಮೇಲೇಳಲಿಲ್ಲ.