ಯರಗಟ್ಟಿ ಗಿರಣಿಯ ಫೋನು

ಇಡೀ ರಾಜ್ಯಕ್ಕೆ ಒಂದೇ ನಂಬರಿನ ಸಹಾಯವಾಣಿ ಶುರುವಾಗುವ ಮೊದಲು ಅದರ ತಾಲೀಮು ನಮ್ಮ ಕಡೆ ನಡೆಯಿತು. ಎರಡು ಸಾವಿರದ ಇಸವಿ ದಾಟಿದ ಹೊಸತು. ಬೈಲಹೊಂಗಲದ ಬಾಡಿಗೆ ಕೋಣೆಯೊಂದರಲ್ಲಿ, ಫೋನಿನ ಮುಂದೆ ನಾನು. ಯಾವ ಕಾಯಿಲೆಗೆ ಯಾವ ಆಸ್ಪತ್ರೆ, ವಿಧವಾ ವೇತನಕ್ಕೆ ಯಾವ ಕಚೇರಿ ಎಂದು ಕೇಳಿದವರಿಗೆ ಹೇಳುವುದು ನನ್ನ ಕೆಲಸ. ಕರೆ ಮಾಡಿದವರು ಹೆಸರು ಹೇಳಬೇಕಿಲ್ಲ, ದುಡ್ಡೂ ಕೊಡಬೇಕಿಲ್ಲ. ಪುಕ್ಕಟೆ ಅಂದಮೇಲೆ ಕೇಳಬೇಕೆ! ರಾಮದುರ್ಗದವನೊಬ್ಬ ಕ್ರಿಕೆಟ್ ಸ್ಕೋರು ಕೇಳಿದ. ಕಿತ್ತೂರಿನ ಅಜ್ಜಿಯೊಬ್ಬಳು ಊಟ ಆಯಿತೇ ಎಂದು ವಿಚಾರಿಸಿ, ನನ್ನ ಮದುವೆ ಇನ್ನೂ ಆಗಿಲ್ಲವೆಂದು ತಿಳಿದು, ತನ್ನ ಮೊಮ್ಮಗನ ಗುಣಗಾನ ಮಾಡಿ ಫೋನಿಟ್ಟಳು.

ಇವೆಲ್ಲದರ ನಡುವೆ ಯರಗಟ್ಟಿಯಿಂದ ದಿನಾ ಒಂದು ಕರೆ. ಅಲ್ಲಿಯ ಹಿಟ್ಟಿನ ಗಿರಣಿಯಲ್ಲಿ ರೂಪಾಯಿ ಹಾಕುವ ಫೋನಿತ್ತು; ನಮ್ಮ ನಂಬರಿಗೆ ಮಾತ್ರ ರೂಪಾಯಿ ಬೇಕಿರಲಿಲ್ಲ. ಹೆಂಗಸರು ಬರುವ ಜಾಗವೆಂದು ನಾವೇ ಅದರ ಪಕ್ಕ ನಮ್ಮ ನಂಬರು ಅಂಟಿಸಿದ್ದೆವು. ಎತ್ತಿದರೆ ಗಿರಣಿಯ ಭೋರ್ಗರೆತ. ಅದರೊಳಗಿಂದ ಒಬ್ಬ ಹೆಂಗಸಿನ ದನಿ: "ಮಗಳಿಗೆ ಫಿಟ್ಸ್..." ಅಷ್ಟೇ. ಮುಂದಿನದೆಲ್ಲ ಹಿಟ್ಟು. ನಾನು ಅರಚಿ ಹೇಳಿದ ಡಾಕ್ಟರ ವಿಳಾಸ ಆಕೆಗೂ ಕೇಳದು. ಆ ಹುಡುಗಿ ಉರಿಯುವ ಒಲೆಯ ಮುಂದೆ ಬಿದ್ದರೇನು ಗತಿ ಎಂದು ನನಗೆ ಊಟ ಸೇರದಾಯಿತು. ಎರಡು ನಿಮಿಷ ಗಿರಣಿ ನಿಲ್ಲಿಸಿದರೆ ಆ ಮಹಾನುಭಾವನ ಗಂಟೇನು ಹೋಗುತ್ತದೆ? ಸಿಟ್ಟು ನೆತ್ತಿಗೇರಿತು. ಬಸ್ಸು ಹತ್ತಿದೆ.

ಗಿರಣಿಯ ಚಾಚಾ ನನ್ನ ಬೈಗುಳವನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡರು. ಡಬ್ಬಿ ಮುಂದಿಟ್ಟುಕೊಂಡು ಸರದಿಗೆ ಕುಳಿತಿದ್ದ ಹೆಂಗಸರ ಕಡೆ ಕಣ್ಣಾಡಿಸಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದರು:

"ಬಂದ್ ಮಾಡಿದ್ರ ಇವ್ರೆಲ್ಲಾ ಕೇಳ್ತಾರ್ರಿ ಬಾಯಾರ. ಊರಿಗೆ ಗೊತ್ತಾದ್ರ ಮಗಳ ಲಗ್ನ ಆಗಂಗಿಲ್ಲ ಅಂತ ಆಕಿಗೆ ಅಂಜಿಕಿ. ಚಾಲೂ ಇಡ್ರಿ ಚಾಚಾ ಅಂತ ಆಕಿನ ಹೇಳ್ಯಾಳ."

ಅಷ್ಟರಲ್ಲಿ ಆಕೆಯೇ ಬಂದಳು. ಚಾಚಾ ಸನ್ನೆ ಮಾಡಿದರು. ನಾನು ಹತ್ತಿರ ಹೋಗಿ, ಫೋನಿನಲ್ಲಿ ಮಾತಾಡುವವಳು ನಾನೇ ಎಂದೆ. ಆಕೆಯ ಮುಖ ಕಪ್ಪಿಟ್ಟಿತು. ತಾನು ಯಾರಿಗೂ ಫೋನು ಮಾಡಿಲ್ಲ, ಜೋಳ ಬೀಸಿಸಲು ಬಂದದ್ದು ಎಂದವಳೇ, ಬೀಸದ ಜೋಳವನ್ನು ಹಾಗೇ ಹೊತ್ತುಕೊಂಡು ಹೊರಟುಹೋದಳು. ಅಯ್ಯೋ ಶಿವನೇ, ಇನ್ನು ಈಕೆ ಫೋನಿನ ಹತ್ತಿರವೂ ಸುಳಿಯುವುದಿಲ್ಲ ಎಂದು ನನಗೆ ಅಳುವೇ ಬಂತು. ಗಿರಣಿಯಲ್ಲಿ ಯಾರೂ ಇಲ್ಲದ ಹೊತ್ತು ಯಾವುದೆಂದು ಚಾಚಾನನ್ನು ಕೇಳಿದೆ. ಕರೆಂಟು ಹೋದ ಮೇಲೆ ನಾಯಿಯೂ ಬರುವುದಿಲ್ಲ ಎಂದರು. ಫೋನಿಗೆ ಕರೆಂಟಿನ ಹಂಗಿಲ್ಲವಲ್ಲ! ಆ ಹೊತ್ತಿಗೆ ಬಂದು ಮಾತಾಡಲು ಹೇಗಾದರೂ ಆಕೆಗೆ ಹೇಳಿ ಎಂದು ಕೈಮುಗಿದು ಬಂದೆ.

ಆಮೇಲೆ ಯರಗಟ್ಟಿಯ ಸುದ್ದಿಯೇ ಇಲ್ಲ. ಕರೆಂಟು ಹೋದಾಗೆಲ್ಲ ಊರವರು ಶಾಪ ಹಾಕುತ್ತಿದ್ದರೆ, ನಾನೊಬ್ಬಳು ಅಲ್ಲೂ ಹೋಗಿರಬಹುದೆಂಬ ಆಸೆಯಿಂದ ಫೋನು ನೋಡುತ್ತ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಅದು ಬಡಿದುಕೊಂಡಿತು. ಎತ್ತಿದೆ. ಗಿರಣಿಯ ಸದ್ದಿಲ್ಲ, ಹಿಂದೆ ಗುಬ್ಬಿಗಳ ಗಲಾಟೆ ಮಾತ್ರ.

"ಆವತ್ತ ಗಿರಣಿಗೆ ಬಂದಿದ್ದ ಬಾಯಾರು ನೀವ ಏನ್ರಿ?"

"ಅಲ್ರಿ," ಎಂದೆ. "ಅವ್ರು ಬ್ಯಾರೆ."

ಆ ಕಡೆ ಆಕೆ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ, ಮಗಳು ಸಾಲೆಯ ಅಂಗಳದಲ್ಲಿ ಮೊದಲ ಸಲ ಬಿದ್ದದ್ದರಿಂದ ಹಿಡಿದು ಒಂದೂ ಬಿಡದೆ ಹೇಳಿದಳು. ಧಾರವಾಡದ ಡಾಕ್ಟರ ವಿಳಾಸವನ್ನು ನಾನು ಮೊದಲ ಬಾರಿಗೆ ಮೆಲ್ಲಗೆ ಹೇಳಿದೆ.