ಮಾವ ಕೈಯಿಟ್ಟು ನಿಂತಿದ್ದ ಯಂತ್ರ

ಪಾಲಹಳ್ಳಿಗೆ ಸೊಸೆಯಾಗಿ ಬಂದ ಮೊದಲ ವಾರದಲ್ಲೇ ನನ್ನ ಮಾವ ಮರಿಯಯ್ಯನವರು ಜಗಲಿಯ ಮೇಲೆ ಕೂತು ನನ್ನೆದುರಿಗೆ ಮೂರು ಜಪಾನಿ ವಿಮಾನ ಹೊಡೆದುರುಳಿಸಿದರು. ಎರಡನೇ ವಾರಕ್ಕೆ ಅದು ಐದಾಯಿತು. ನಾನು ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ತಪ್ಪು ಕಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

"ಮಾವ, ಹೋದ ವಾರ ಮೂರೇ ಇದ್ದವಲ್ಲ?" ಅಂದೆ.

"ಇನ್ನೆರಡು ಈಗ ಗ್ಯಾಪಕ ಬಂದೋ ಕಣವ್ವ ಪ್ರಮೀಳಾ," ಅಂದರು ಮೀಸೆ ತಿರುವುತ್ತ.

ಊರಲ್ಲಿ ಅವರಿಗೆ ಗನ್ನರ್ ಮರಿಯಯ್ಯ ಅಂತಲೇ ಹೆಸರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಪ್ಪನ ಹತ್ತಿರ ಜಗಳ ಆಡಿಕೊಂಡು ಮೈಸೂರಿಗೆ ನಡೆದುಹೋಗಿ, ಯುದ್ಧಕ್ಕೆ ಆಳು ಹಿಡಿಯುವವರ ಮುಂದೆ ನಿಂತು, ನೌಕಾಪಡೆ ಸೇರಿದವರು. ಬರ್ಮಾದ ಕಡೆ ಹಿನ್ನೀರಿನಲ್ಲಿ ಓಡಾಡುವ ಸಣ್ಣ ಯುದ್ಧದೋಣಿಯಲ್ಲಿ ಎರಡು ವರ್ಷ ಇದ್ದರಂತೆ. ವಾಪಸು ಬಂದಾಗ ಇಡೀ ಪಾಲಹಳ್ಳಿ ನೋಡಲು ಬಂದಿತ್ತಂತೆ. ಪಾಂಡವಪುರದ ಕಡೆಯ ಒಬ್ಬ ಗೌಡರು, 'ಫಿರಂಗಿ ಹೊಡೆದವನು, ಮಗಳನ್ನು ಕಾಪಾಡಿಯಾನು' ಎಂದು ತಮ್ಮ ಮಗಳು ಬೆಟ್ಟಮ್ಮನನ್ನು ಕೊಟ್ಟೇಬಿಟ್ಟರು. ಆ ಬೆಟ್ಟಮ್ಮನೇ ನನ್ನ ಅತ್ತೆ.

ಫಿರಂಗಿ ಹಿಡಿದ ಕೈ ಸೌಟು ಹಿಡಿಯಬಾರದು ಎನ್ನುವುದು ಮಾವನ ಕಾನೂನು. ನಾನು ಸ್ಕೂಲಿಗೆ ಹೋದ ದಿನ ಅತ್ತೆಗೆ ಜ್ವರ ಬಂದು ಮಲಗಿದರೆ ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ಬಂದು ಒಲೆ ಹಚ್ಚಬೇಕಿತ್ತು. ಮಾವ ಜಗಲಿಯಲ್ಲಿ ಕೂತು, "ನಂಗೆ ನೀರು ಕಾಯ್ಸಕ್ಕೂ ಬರಕಿಲ್ಲ ಕಣವ್ವ, ಏನ್ ಮಾಡನೆ," ಎಂದು ಕೈಚೆಲ್ಲುತ್ತಿದ್ದರು. ಅದೂ ಏನೋ ದೊಡ್ಡ ಬಿರುದು ಹೇಳಿಕೊಂಡಷ್ಟು ಹೆಮ್ಮೆಯಿಂದ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಅವರು ಯುದ್ಧಕ್ಕೆ ಹೋಗಿದ್ದಕ್ಕೆ ಸಾಕ್ಷಿ ಮಾತ್ರ ಏನೂ ಇರಲಿಲ್ಲ. ಕಾಗದಪತ್ರಗಳನ್ನು ಗೆದ್ದಲು ತಿಂದಿತ್ತು. ದೋಣಿಯಲ್ಲಿ ಜೊತೆಗಿದ್ದವರು ಯಾರೂ ಈ ಕಡೆಯವರಲ್ಲ. ಸಾವಿರದ ಒಂಬೈನೂರ ತೊಂಬತ್ತೈದರ ಹೊತ್ತಿಗೆ ಕಥೆಗೆ ಐವತ್ತು ವರ್ಷ ತುಂಬಿ, ಟೀ ಅಂಗಡಿಯಲ್ಲಿ ಹುಡುಗರು ಕಣ್ಣು ಹೊಡೆದುಕೊಳ್ಳಲು ಶುರು ಮಾಡಿದ್ದರು. ಒಂದು ದಿನ ಅವರ ಬಾಲ್ಯದ ಗೆಳೆಯ ಚಿಕ್ಕಮಾದಯ್ಯನೇ ಎಲ್ಲರ ಮುಂದೆ ಬಾಯಿಬಿಟ್ಟ. "ಲೇ ಮರಿಯ, ನೀನ್ ಕಂಡಿರೋ ಸಮುದ್ರ ಅಂದ್ರೆ ನಮ್ ಕೆ.ಆರ್.ಎಸ್. ಇನ್ನೀರು ಕಣ್ಲಾ! ಎರಡೊರ್ಸ ಎಲ್ಲಿ ಕದ್ದು ಕೂತಿದ್ದೋ ಆ ದೇವ್ರೇ ಬಲ್ಲ, ಬುಡು!"

ಮಾವ ಆ ದಿನ ಊಟ ಮಾಡಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ ಗೋಡೆ ಕಡೆ ತಿರುಗಿ ಮಲಗಿದ್ದನ್ನು ನೋಡಿ, ಐದು ವಿಮಾನದ ಸುಳ್ಳನ್ನೂ ಮರೆತು ನಾನು ಒಂದು ಲೋಟ ಹಾಲು ತಂದು ಪಕ್ಕದಲ್ಲಿಟ್ಟೆ.

ಇದಾಗಿ ಎರಡು ವಾರಕ್ಕೆ ಇಂಗ್ಲೆಂಡಿನಿಂದ ಕಾಗದ ಬಂತು ನೋಡಿ! ಪೋಸ್ಟ್‌ಮ್ಯಾನ್ ಅದನ್ನು ಮನೆಗೆ ತರುವ ಮೊದಲು ಅರ್ಧ ಊರಿಗೆ ತೋರಿಸಿಕೊಂಡೇ ಬಂದಿದ್ದ. ಬರೆದವರು ಮಾವನ ದೋಣಿಯ ಕ್ಯಾಪ್ಟನ್ನರ ಮಗಳು. ಅಪ್ಪ ತೀರಿಕೊಂಡಿದ್ದಾರೆ, ಅವರ ಯುದ್ಧಕಾಲದ ಫೋಟೋಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಿದ್ದೇನೆ, ಅಪ್ಪನ ಡೈರಿಯಲ್ಲಿ ನಿಮ್ಮ ವಿಳಾಸ ಸಿಕ್ಕಿತು ಎಂದು ಬರೆದಿದ್ದರು. ಜೊತೆಗೆ ಒಂದು ಫೋಟೋ. ದೋಣಿಯ ಮೇಲೆ ನಾಲ್ಕು ಜನ ಹುಡುಗರು. ಕೊನೆಯವನು ಕಡ್ಡಿ ಪೈಲ್ವಾನ್, ಮೀಸೆ ಇನ್ನೂ ಚಿಗುರುತ್ತಿದೆ, ಆದರೆ ಮೂಗು ಮಾತ್ರ ನಮ್ಮ ಮನೆಯವರದೇ. ಆ ಹುಡುಗ ಒಂದು ವಿಚಿತ್ರ ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದ.

ಯಂತ್ರ ಅಂದರೆ ಇಷ್ಟು: ದೋಣಿಯ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಒಂದು ಕಬ್ಬಿಣದ ಬಳೆ. ಅದರ ಮೇಲೆ ಬಾಗಿದ, ತುದಿಯಲ್ಲಿ ಎರಡಾಗಿ ಸೀಳಿದ ಒಂದು ತೋಳು. ಪಕ್ಕದ ಕೊಳವೆಯೊಳಗಿಂದ ಆಕಾಶಕ್ಕೆ ಮುಖಮಾಡಿ ನಿಂತ ದಪ್ಪನೆಯ ದಂಡ. ಇಂಗ್ಲೆಂಡಿನ ಮ್ಯೂಸಿಯಮ್ಮಿನವರಿಗೆ ಇದು ಏನೆಂದೇ ತಿಳಿದಿರಲಿಲ್ಲ. ಒಬ್ಬರು ನೀರೊಳಗೆ ಬಾಂಬ್ ಎಸೆಯುವ ಯಂತ್ರ ಅಂದರಂತೆ. ಇನ್ನೊಬ್ಬರು ವೈರ್‌ಲೆಸ್ಸಿನ ಕಂಬ ಅಂದರಂತೆ. 'ನೀವು ಅದರ ಮೇಲೆ ಕೈಯಿಟ್ಟು ನಿಂತಿದ್ದೀರಿ. ಬದುಕಿರುವವರಲ್ಲಿ ನಿಮಗೊಬ್ಬರಿಗೇ ಗೊತ್ತಿರಬೇಕು. ಅದು ಏನೆಂದು ತಿಳಿಸಿದರೆ ಫೋಟೋದ ಕೆಳಗೆ ನಿಮ್ಮ ಹೆಸರು, ನಿಮ್ಮ ಕೆಲಸ ಎರಡನ್ನೂ ಅಚ್ಚು ಹಾಕಿಸುತ್ತೇನೆ.'

ನಾನು ಜೋರಾಗಿ ಓದಿ ಅರ್ಥ ಹೇಳುವಷ್ಟರಲ್ಲಿ ಜಗಲಿ ತುಂಬಿಹೋಗಿತ್ತು. ಚಿಕ್ಕಮಾದಯ್ಯ ಫೋಟೋ ಹಿಡಿದು ಹಿಂದೆ ಮುಂದೆ ತಿರುಗಿಸಿದ. "ಮೂಗು ಇವನ್ದೇಯ!" ಎಂದು ಒಪ್ಪಿಕೊಂಡ. "ಸರಿ, ಇದೇನ್ಲಾ ಮರಿಯ?"

ಮಾವ ಫೋಟೋವನ್ನು ಒಂದು ಸಲ ನೋಡಿದರು. ಅವರ ಮುಖ ಒಂದು ಗಳಿಗೆ ಬಿಳಿಚಿಕೊಂಡಿದ್ದನ್ನು ನಾನು ಕಂಡೆ, ಸಂತೋಷ ಹೆಚ್ಚಾಗಿರಬೇಕು ಅಂದುಕೊಂಡೆ. ಎಂಥ ದಡ್ಡಿ ನಾನು! ಆಮೇಲೆ ಗಂಟಲು ಸರಿಮಾಡಿಕೊಂಡು, "ಬಾಂಬ್ ಎಸ್ಯೋ ಕವಣೆ ಕಣ್ಲಾ," ಅಂದರು. "ಒಂದೊಂದು ಬಾಂಬು ಇಷ್ಟು ದಪ್ಪ." ಎರಡು ಅಂಗೈ ಸೇರಿಸಿ ತೆಂಗಿನಕಾಯಿಯಷ್ಟು ತೋರಿಸಿದರು. ಜಗಲಿ ಹೋ ಎಂದಿತು. ನಾನು ಅದನ್ನೇ ಒಳ್ಳೆ ಇಂಗ್ಲಿಷಿನಲ್ಲಿ ಬರೆದು ಪೋಸ್ಟ್ ಮಾಡಿದೆ.

ಅತ್ತೆ ಆಗ ಹಾಲಿನ ಡೈರಿಗೆ ಹೋಗಿದ್ದರು. ಅವರು ಬರುವ ಮೊದಲೇ ಮಾವ ಫೋಟೋವನ್ನು ಅಟ್ಟದ ಮೇಲಿನ ಟ್ರಂಕಿಗೆ ಸೇರಿಸಿ ಬೀಗ ಹಾಕಿಬಿಟ್ಟರು.

ತಿಂಗಳು ಕಳೆದ ಮೇಲೆ ಇನ್ನೊಂದು ಕಾಗದ. ಇಂಗ್ಲೆಂಡಿನಲ್ಲಿ ಒಂದೇ ಗಲಾಟೆಯಂತೆ! ಇಂಥ ಆಯುಧ ಯಾವ ದಾಖಲೆಯಲ್ಲೂ ಇಲ್ಲ, ದಯವಿಟ್ಟು ಅಳತೆ ಸಮೇತ ಚಿತ್ರ ಬರೆದು ಕಳಿಸಿ ಎಂದು ಮ್ಯೂಸಿಯಮ್ಮಿನವರು ದುಂಬಾಲು ಬಿದ್ದಿದ್ದರು. ಮಾವ ಮೂರು ದಿನ ಪೆನ್ಸಿಲ್ ಕಚ್ಚಿಕೊಂಡು ಕೂತರು. ಬರೆದದ್ದೆಲ್ಲ ನೇಗಿಲಾಯಿತು. ಕೊನೆಗೆ, "ನಡಿಯವ್ವ, ಅದನ್ನೇ ಮಾಡ್ಸಿ ಫೋಟೋ ಇಡ್ಸಿ ಕಳ್ಸುಮ," ಎಂದು ನನ್ನನ್ನು ಹೊರಡಿಸಿಕೊಂಡು ಶ್ರೀರಂಗಪಟ್ಟಣಕ್ಕೆ, ಅಬ್ದುಲ್ ವಾಹಿದ್ ಸಾಹೇಬರ ವೆಲ್ಡಿಂಗ್ ಅಂಗಡಿಗೆ ಬಂದರು.

ಹೊರಡುವಾಗ ಅತ್ತೆ ಅಡುಗೆಮನೆಯಿಂದ ಕೂಗಿದರು. "ನನ್ ಕವೆಗೋಲು ಸೀಳ್ಬುಟ್ಟು ಎಂಟು ದಿನಾಯ್ತು! ಒಂದು ಕವೆ ಕಡ್ಕೊಡು ಅಂದ್ರೆ ನಿಮ್ಮಾವುಂಗೆ ಬಾಂಬೇ ಎಚ್ಚಾಯ್ತು!"

ಕವೆಗೋಲು ಇಲ್ಲದೆ ನಮ್ಮ ಕಡೆ ಮುದ್ದೆ ಆಗುವುದಿಲ್ಲ. ರಾಗಿ ಹಿಟ್ಟು ತೊಳಸುವಾಗ ಮಡಕೆ ತಿರುಗದ ಹಾಗೆ ಅದರ ಕಂಠಕ್ಕೆ ಕವೆಯನ್ನು, ಅಂದರೆ ಕೋಲಿನ ಕವಲೊಡೆದ ತುದಿಯನ್ನು, ಕೊಟ್ಟು, ಇನ್ನೊಂದು ತುದಿಯನ್ನು ಕಾಲಲ್ಲಿ ಮೆಟ್ಟಿಕೊಂಡು ಕೂರಬೇಕು. ಪಾಪ, ಅತ್ತೆ ಎಂಟು ದಿನದಿಂದ ಸೀಳಿದ ಕೋಲಿಗೆ ಹಗ್ಗ ಸುತ್ತಿಕೊಂಡು ಒದ್ದಾಡುತ್ತಿದ್ದರು.

ವಾಹಿದ್ ಸಾಹೇಬರಿಗೆ ಮಾವ ಒಂದು ಗಳಿಗೆಯೂ ಯೋಚಿಸದೆ ಅಳತೆ ಹೇಳಿದರು. ಬಳೆ ಒಂದು ಗೇಣು ನಾಲ್ಕು ಬೆರಳು. ತೋಳು ಇಷ್ಟುದ್ದ. ಕೊಳವೆ ಇಷ್ಟು ದಪ್ಪ. ಐವತ್ತು ವರ್ಷದ ಮೇಲೂ ಆ ಬೆರಳುಗಳಿಗೆ ಎಲ್ಲ ನೆನಪಿತ್ತು. ವಿಮಾನದ ಲೆಕ್ಕ ಮಾತ್ರ ನೆನಪಿರಲಿಲ್ಲ!

"ಅರೆ, ಮರಿಯಯ್ಯನೋರೆ," ಅಂದರು ಸಾಹೇಬರು ಕನ್ನಡಕ ಏರಿಸಿ, "ಬಾಂಬ್ ಎಸಿಯೋದು ಅಂದ್ರೆ ತೋಳು ಮೇಲಕ್ಕೆ ಹಾರಬೇಕಲ್ವಾ? ಇದು ಕೆಳಗೆ ಒತ್ತುತ್ತೆ. ಯಾ ಅಲ್ಲಾ, ಬಾಂಬು ಅಲ್ಲೇ ಕೂತಿರುತ್ತಲ್ಲ!"

"ಜಪಾನಿನೋರ್ಗೆ ಗೊತ್ತಾಗ್ಬಾರ್ದು ಅಂತ ಅಂಗ್ ಮಾಡಿದ್ರು. ನೀವು ಬೆಸ್ಗೆ ಆಕಿ ಸಾಹೇಬ್ರೆ."

ಸಾಹೇಬರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಆಮೇಲೆ ಸಾಹೇಬರು ಕಬ್ಬಿಣ ಎಳೆದುಕೊಂಡು ಬೆಸುಗೆಗೆ ಕೂತರು.

ಭಾನುವಾರ ಯಂತ್ರ ಬಸ್ಸಿನ ಟಾಪ್ ಮೇಲೆ ಮೆರವಣಿಗೆಯಲ್ಲಿ ಬಂತು. ಅದನ್ನು ಮನೆಯ ಅಂಗಳದಲ್ಲಿ, ಒಂದು ಹಲಗೆಗೆ ಬೋಲ್ಟು ಹಾಕಿ ನಿಲ್ಲಿಸಿದೆವು. ವಾಹಿದ್ ಸಾಹೇಬರೂ ತಡೆಯಲಾರದೆ ಜೊತೆಗೇ ಬಂದಿದ್ದರು. ಫೋಟೋ ಸ್ಟುಡಿಯೋದವನನ್ನು ಕರೆಸಿದ್ದಾಯಿತು. ಮಾವ ಗಂಜಿ ಹಾಕಿದ ಬಿಳಿ ಶರ್ಟು ತೊಟ್ಟು, ಒಂದು ತೆಂಗಿನಕಾಯಿ ಹಿಡಿದುಕೊಂಡು ಎಲ್ಲರಿಗೂ ಭಾಷಣ ಶುರು ಮಾಡಿದರು. "ಇಲ್ಲಿ ಬಾಂಬ್ ಇಡೋದು. ಇಲ್ಲಿ ಇಡ್ಕೊಳೋದು. ಕ್ಯಾಪ್ಟನ್ನು ಪೈರ್ ಅಂತಿದ್ದಂಗೇ..."

ಚಿಕ್ಕಮಾದಯ್ಯ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಐವತ್ತು ವರ್ಷದಲ್ಲಿ ಅವನು ಮಾವನನ್ನು ಪೂರ್ತಿ ನಂಬಿದ್ದು ಅದೊಂದೇ ದಿನ.

ಆಗ ಒಳಗಿನಿಂದ ಅತ್ತೆ ಬಂದರು. ಕೈಯಲ್ಲಿ ಖಾಲಿ ಮುದ್ದೆಮಡಕೆ, ಕಂಕುಳಲ್ಲಿ ಹಿಟ್ಟಿನ ಕೋಲು. ಹಗ್ಗ ಸುತ್ತಿದ್ದ ಕವೆ ಅವತ್ತು ಪೂರ್ತಿ ಮುರಿದೇಹೋಗಿತ್ತು. ಬಯ್ಯಲೆಂದೇ ಬಂದವರು ಕಬ್ಬಿಣದ ಯಂತ್ರ ನೋಡಿ ನಿಂತರು. ತಲೆ ಓರೆ ಮಾಡಿ ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು.

"ಜರುಗು," ಅಂದರು ಮಾವನಿಗೆ.

ಮಡಕೆಯನ್ನು ಬಳೆಯೊಳಗೆ ಇಟ್ಟರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಸೀಳುತೋಳನ್ನು ಬಗ್ಗಿಸಿದರು. ಮಡಕೆಯ ಕಂಠವನ್ನು ಅದು ಗಪ್ಪನೆ ಹಿಡಿದುಕೊಂಡಿತು. ಕೋಲಿನಿಂದ ಎರಡು ಸುತ್ತು ತಿರುವಿದರು. ಮಡಕೆ ಒಂದಿಷ್ಟೂ ಅಲ್ಲಾಡಲಿಲ್ಲ. ಆಮೇಲೆ ಕೋಲನ್ನು ತೆಗೆದು ಪಕ್ಕದ ಕೊಳವೆಯೊಳಗೆ ಇಳಿಬಿಟ್ಟರು. ಅದು ಆಕಾಶಕ್ಕೆ ಮುಖಮಾಡಿ, ಫೋಟೋದಲ್ಲಿದ್ದ ಹಾಗೆಯೇ ನಿಂತಿತು.

ಮೊದಲು ಪುಟ್ಟಲಕ್ಷ್ಮಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ತಡೆಯಲಾಗದೆ ಕಿಸಕ್ಕೆಂದಳು. ವಾಹಿದ್ ಸಾಹೇಬರು, "ತೋಬಾ ತೋಬಾ, ಅದಕ್ಕೇ ಕೆಳಗೆ ಒತ್ತೋದು!" ಎಂದು ತೊಡೆ ತಟ್ಟಿದರು. ಅಷ್ಟೇ, ಇಡೀ ಅಂಗಳ ಬಿದ್ದುಬಿದ್ದು ನಗತೊಡಗಿತು. ನಾನಂತೂ ಗೋಡೆ ಹಿಡಿದುಕೊಂಡು ನಕ್ಕೆ. ಹೊಟ್ಟೆ ನೋವು ಬಂತು, ಕಣ್ಣಲ್ಲಿ ನೀರು ಬಂತು, ಇಂಗ್ಲೆಂಡಿಗೆ ಬರೆದ ನನ್ನ ಒಳ್ಳೆ ಇಂಗ್ಲಿಷು ನೆನಪಾಗಿ ಇನ್ನೂ ನಗು ಬಂತು.

"ಲೇ ಮರಿಯ!" ಚಿಕ್ಕಮಾದಯ್ಯ ನಗುವಿನ ನಡುವೆಯೇ ಕಿರುಚಿದ. "ಅಂಗಾರೆ ಇಮಾನ?"

"ಬಂದಿದ್ವು," ಅಂದರು ಮಾವ ಮೆಲ್ಲಗೆ. "ನಾನು ಮಡ್ಕೆ ಇಂದೆ ಕೂತಿದ್ದೆ."

ಇನ್ನೊಂದು ಸುತ್ತು ನಗು ಎದ್ದಿತು. ಅತ್ತೆ ಮಾತ್ರ ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದರು. "ನಿಂಗೆ ಇಟ್ಟು ತೊಳ್ಸಕ್ಕೆ ಬತ್ತದಾ?"

ಮಾವ ತೆಂಗಿನಕಾಯಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಬತ್ತದೆ."

"ಎಷ್ಟು ಜನುಕ್ಕೆ?"

"ಅದಿನಾರು ಜನುಕ್ಕೆ." ಆಮೇಲೆ ಎಲ್ಲ ಬಾಯಿಗೆ ಬಂತು. ಅವರು ದೋಣಿಯ ಅಡುಗೆಯವರು. ಮೈಸೂರಿಗೆ ರಜೆಗೆ ಬಂದಿದ್ದ ಸಿಪಾಯಿಯೊಬ್ಬನ ಕೈಲಿ ಎರಡು ಚೀಲ ರಾಗಿ ಹಿಟ್ಟು ತರಿಸಿಕೊಂಡಿದ್ದರು. ಅಲೆಯ ಮೇಲೆ ಕವೆಗೋಲನ್ನು ಮೆಟ್ಟಿಕೊಂಡರೆ ಕಾಲೇ ಜಾರುತ್ತಿತ್ತು. ಮೊದಲ ದಿನದ ಮುದ್ದೆಯೆಲ್ಲ ಕ್ಯಾಪ್ಟನ್ನರ ಬೂಟಿನ ಮೇಲೆ ಬಿತ್ತು. ಆಮೇಲೆ ಎಂಜಿನ್ ನೋಡಿಕೊಳ್ಳುವವನ ಕೈಕಾಲು ಹಿಡಿದು ಇದನ್ನು ಮಾಡಿಸಿಕೊಂಡರು. "ಊರಿಗ್ ಬಂದಾಗ ನಮ್ಮಪ್ಪ ಎಲ್ಲಾರ್ ಮುಂದೆ ಕೇಳ್ದ, ಏನ್ ಕೆಲ್ಸ ಮಾಡ್ದೆ ಮಗ ಅಂತ. ಅಡ್ಗೆ ಅನ್ನಕ್ಕೆ ನಾಲ್ಗೆ ಏಳ್ನಿಲ್ಲ. ಆಮೇಲೆ ನಿಮ್ಮಪ್ಪ ನಿನ್ನ ಕೊಟ್ಬುಟ್ಟ. ಈಗ ಎಂಗ್ ಏಳ್ಲಿ?"

"ನಮ್ಮಪ್ಪುಂದು ಮಾತು ಬುಡು," ಅಂದರು ಅತ್ತೆ. "ನಿನ್ ಮಗುನ್ನ ಎತ್ತು ಒಂಬತ್ತು ದಿನುಕ್ಕೆ ಎದ್ದು ಇಟ್ಟು ತೊಳ್ಸಿದ್ನಲ್ಲ, ನಡ ನಿಲ್ದೆ ಗೋಡೆ ಒರಿಕ್ಕಂಡು? ನೀನು ಈ ಜಗ್ಲಿ ಮೇಲೆ ಕೂತ್ಕಂಡು ನೀರು ಕಾಯ್ಸಕ್ಕೂ ಬರಕಿಲ್ಲ ಅಂದಲ್ಲ. ಆ ದೊರೆ ಮಕ್ಳಿಗೆ ಮಾಡ್ ಆಕ್ದೋನು, ನಂಗೊಂದು ಮುದ್ದೆ ಕೊಡ್ನಿಲ್ವಲ್ಲ."

ನಗು ನಿಂತುಹೋಯಿತು. ಚಿಕ್ಕಮಾದಯ್ಯ ನೆಲ ನೋಡಿದ. ನನಗೆ ಅತ್ತೆಯನ್ನು ತಬ್ಬಿಕೊಳ್ಳಬೇಕೆನಿಸಿತು, ಮಾವನನ್ನು ಬಯ್ಯಬೇಕೆನಿಸಿತು, ಯಾವುದನ್ನೂ ಮಾಡಲಿಲ್ಲ.

ಮಾವ ತೆಂಗಿನಕಾಯಿಯನ್ನು ಕೆಳಗಿಟ್ಟರು. ಗಂಜಿ ಹಾಕಿದ ಶರ್ಟಿನ ತೋಳು ಮಡಚಿದರು. ಮೂರು ಕಲ್ಲು ತಂದು ಅಂಗಳದಲ್ಲೇ ಒಲೆ ಹೂಡಿ, ಎಸರಿಟ್ಟು, ಹಿಟ್ಟು ಸುರಿದು ಬೇಯಿಸಿದರು. ಮಡಕೆಯನ್ನು ಇಳಿಸಿ ಬಳೆಯಲ್ಲಿ ಕೂರಿಸಿ, ತೋಳು ಬಗ್ಗಿಸಿ, ಮಂಡಿಯೂರಿ ತೊಳಸತೊಡಗಿದರು. ಎಪ್ಪತ್ತೊಂದು ವರ್ಷದ ಆ ತೋಳು ತಿರುಗಿದ್ದನ್ನು ನೋಡಬೇಕಿತ್ತು! ಹೆಂಗಸರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಸ್ಟುಡಿಯೋದವನು ಹೇಳದೆಯೇ ಮೂರು ಫೋಟೋ ಹೊಡೆದ.

ಮೊದಲ ಮುದ್ದೆಯನ್ನು ಮಾವ ತಟ್ಟೆಗೆ ಹಾಕಿ, ಸಾರು ಬಿಟ್ಟು, ಅತ್ತೆಯ ಕೈಗೆ ಕೊಟ್ಟರು. ಅತ್ತೆ ಜಗಲಿಯ ಮೇಲೆ, ಮಾವ ಕೂರುತ್ತಿದ್ದ ಜಾಗದಲ್ಲೇ ಕೂತರು. ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮುರಿದು, ಅದ್ದಿ, ನುಂಗಿದರು. ಊರೆಲ್ಲ ಅವರ ಗಂಟಲನ್ನೇ ನೋಡುತ್ತಿತ್ತು.

"ಒಂದು ಗಂಟಿಲ್ಲ," ಅಂದರು. "ಪಾಪಿ! ನಂಗಿಂತ ಚೆನ್ನಾಗ್ ಮಾಡ್ತಾನೆ." ಆಗ ನಕ್ಕರು ನೋಡಿ, ಸಾರು ನೆತ್ತಿಗೇರುವಷ್ಟು.

"ಇಂಗ್ಲೆಂಡಿಗೆ ಏನಂತ ಬರೀಲಿ?" ಎಂದು ಮಾವನನ್ನು ಕೇಳಿದೆ.

ಮಾವ ಚಿಕ್ಕಮಾದಯ್ಯನ ಕಡೆ ನೋಡಲಿಲ್ಲ. ಅತ್ತೆಯ ಕಡೆ ನೋಡಿದರು. "ಅಡ್ಗೆಯವ್ನು ಅಂತ್ಲೇ ಬರಿಯವ್ವ."

ಮುಂದಿನ ಯುಗಾದಿಗೆ ಮೊದಲು ಪುಸ್ತಕ ಬಂತು. ನಲವತ್ತೊಂದನೇ ಪುಟದಲ್ಲಿ ಆ ಫೋಟೋ, ಪಕ್ಕದಲ್ಲಿ ನಮ್ಮ ಅಂಗಳದ ಫೋಟೋ. ಕೆಳಗೆ, 'ಮರಿಯಯ್ಯ, ದೋಣಿಯ ಅಡುಗೆಯವರು, ತಾವೇ ಯೋಚಿಸಿ ಮಾಡಿಸಿದ ರಾಗಿಮುದ್ದೆಯ ಯಂತ್ರದೊಂದಿಗೆ.' ಟೀ ಅಂಗಡಿಯಲ್ಲಿ ಅದನ್ನು ನನ್ನ ಕೈಲಿ ಏಳು ಸಲ ಓದಿಸಿದವನು ಚಿಕ್ಕಮಾದಯ್ಯ. ಸಮುದ್ರದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಯಂತ್ರ ಈಗ ನಮ್ಮ ಅಡುಗೆಮನೆಯ ನೆಲಕ್ಕೆ ಬೋಲ್ಟಾಗಿದೆ, ಭಾನುವಾರ ಅದರ ಮುಂದೆ ಕೂರುವವರು ಮಾವ.

ಪುಸ್ತಕವನ್ನು ಗಾಜಿನ ಬೀರುವಿನಲ್ಲಿ ಇಡೋಣ ಅಂದೆ. ಅತ್ತೆ ಬಿಡಲಿಲ್ಲ. ಪ್ಲಾಸ್ಟಿಕ್ ಕವರ್ ಸುತ್ತಿ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಪಕ್ಕ ಇಟ್ಟಿದ್ದಾರೆ. ಓದು ಬಾರದ ಅವರು ಆ ಪುಟ ಸಿಗಲೆಂದು ನಡುವೆ ಒಂದು ಪೊರಕೆಕಡ್ಡಿ ಸಿಕ್ಕಿಸಿದ್ದಾರೆ. ಭಾನುವಾರ ಬೆಳಿಗ್ಗೆ ಮಾವ ಸೊಂಟ ಹಿಡಿದುಕೊಂಡು, "ಯಾಕೋ ಇವತ್ತು ನೋವು," ಎಂದು ಶುರು ಮಾಡಿದರೆ ಅತ್ತೆ ಗೂಡಿನಿಂದ ಪುಸ್ತಕ ತೆಗೆದು, ಕಡ್ಡಿ ಇರುವ ಕಡೆ ತೆರೆದು, ಮಾವನ ಮುಂದೆ ಇಡುತ್ತಾರೆ.